ಸೇಬಿನ ಮರದ ಗೆರೆ

ಮತ್ತೆ ಸೇಬಿನ ಮರವೇ ಬಂದಿತ್ತು.

ಪರೀಕ್ಷಕಿ ಗಾಜಿನ ಬಟ್ಟಲನ್ನು ಯಂತ್ರದಿಂದ ತೆಗೆದು, ಮರದ ಚೂರುಗಳನ್ನು ಕಲಕಿ, ಮತ್ತೊಮ್ಮೆ ಇಟ್ಟಳು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಚೂರುಗಳ ಮೇಲೆ ಬಿದ್ದು ವಾಪಸಾಯಿತು. ಪರದೆಯ ಮೇಲೆ ಅದೇ ಗೆರೆ ಮೂಡಿತು. ಬೆಟ್ಟದ ಪೈನ್ ಮರವಾಗಿದ್ದರೆ ರಾಳವಿರುತ್ತಿತ್ತು, ಗೆರೆ ಒಂದು ಕಡೆ ಉಬ್ಬಿರುತ್ತಿತ್ತು. ಇಲ್ಲಿ ಆ ಉಬ್ಬು ಇರಲಿಲ್ಲ. ಕಣಿವೆಯಲ್ಲಿ ಮುದಿಯಾದ ಸೇಬಿನ ತೋಟಗಳನ್ನು ಕಡಿಯುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಆ ಮರದ ಗುರುತನ್ನು ಯಂತ್ರಕ್ಕೆ ಕಲಿಸಿದವಳೇ ಅವಳು.

ಮರ ಉರಿಸಿ ವಿದ್ಯುತ್ ತೆಗೆಯುವ ಸ್ಥಾವರ ಅದು. ಒಳಗೆ ಬರುವ ಪ್ರತಿ ಲಾರಿಯೂ ಮೊದಲು ಅವಳ ಕಿಟಕಿಯ ಮುಂದೆ ನಿಲ್ಲಬೇಕು. ಎಷ್ಟು ನೀರಿದೆ, ಎಷ್ಟು ಬೂದಿ ಉಳಿಯುತ್ತದೆ, ಎಷ್ಟು ಶಾಖ ಸಿಗುತ್ತದೆ, ಎಲ್ಲದಕ್ಕೂ ಗೆರೆ ನೋಡಿ ಅವಳು ಹೇಳಿದ್ದೇ ಮಾತು. ನೀರು ಹೆಚ್ಚಾದರೆ ಲಾರಿ ಬಂದ ದಾರಿ ಹಿಡಿಯಬೇಕು.

ಡ್ರೈವರ್ ಕಿಟಕಿಯ ಹೊರಗೆ ಟೋಪಿ ತಿರುವುತ್ತ ನಿಂತಿದ್ದ. ಪರೀಕ್ಷಕಿಗೂ ಲಾರಿಯವರಿಗೂ ಯಾವ ನಂಟೂ ಇರಕೂಡದೆಂಬುದು ಸ್ಥಾವರದ ನಿಯಮ. ಹಾಗಾಗಿ ಇಷ್ಟು ವರ್ಷವೂ ಇಬ್ಬರೂ ಇಲ್ಲಿ ಅಪರಿಚಿತರು. ಅವಳ ಮನೆಗೂ ಅವನು ಬರುತ್ತಿದ್ದದ್ದು ಹಿತ್ತಿಲ ಬಾಗಿಲಿನಿಂದ. ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

"ಎಲ್ಲೀ ಲೋಡು?" ಎಂದಳು, ಬೇರೆಯವರನ್ನು ಕೇಳುವಂತೆಯೇ.

"ಬೆಟ್ಟದ್ದೇ ಮೇಡಂ. ಇನ್ನೆಲ್ಲೀದು?"

ಮೇಡಂ ಅಂತೆ! ಹೋದ ವಾರ ಅವಳ ಅಡುಗೆಮನೆಯಲ್ಲಿ ಕೂತು, ಚಹಾ ಆರಿಸಿಕೊಂಡು ಕುಡಿಯುತ್ತ, ಇದೇ ಬಾಯಿ ಇದೇ ಮಾತನ್ನು ಹೇಳಿತ್ತು. ಬೆಟ್ಟದಲ್ಲಿ ಕೆಲಸ ಹೆಚ್ಚಾಗಿದೆ, ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ ಎಂದು. ಬೆಟ್ಟದ ಮಾಲೂ ಕಣಿವೆಯ ಮಾಲೂ ಒಬ್ಬನೇ ಗುತ್ತಿಗೆದಾರನದು. ಲೋಡಿನ ಚೀಟಿಯಲ್ಲಿ ಜಾಗದ ಹೆಸರಿರುವುದಿಲ್ಲ. ಸುಳ್ಳು ದಕ್ಕಿತು ಅಂದುಕೊಂಡಿದ್ದ. ಪಾಪ, ಮರ ಬಾಯಿಬಿಡುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಅವಳ ಮನೆಯ ಗೂಟದಲ್ಲಿ ಅವನ ಎರಡು ಅಂಗಿ ಇರುತ್ತಿದ್ದವು. ಈಗ ಒಂದೇ ಇತ್ತು.

ಕಣಿವೆಯಲ್ಲಿ ಅವನಿಗೊಬ್ಬಳು ಹೆಂಗಸಿದ್ದಾಳೆಂದು ತಿಳಿಯಲು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮನಸ್ಸು ಜೋಮು ಹಿಡಿದ ಕಾಲಿನ ಹಾಗೆ, ಇತ್ತು ಅಷ್ಟೇ, ತನ್ನದೆಂದು ಅನಿಸುತ್ತಿರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ಕಣಿವೆಯ ಕೆಲಸ ನಿಂತರೆ ಅವನು ಬೆಟ್ಟಕ್ಕೆ ಮರಳಲೇಬೇಕು, ಬೆಟ್ಟದ ದಾರಿ ಅವಳ ಮನೆಯ ಪಕ್ಕದಲ್ಲೇ ಹೋಗುತ್ತದೆ.

ಕುಡಿಯುವ ನೀರಿನ ಬಾಟಲಿ ಕೈಗೆಟಕುವಲ್ಲೇ ಇತ್ತು. ಕಿಟಕಿಗೆ ಬೆನ್ನು ಮಾಡಿ ಬಟ್ಟಲಿಗೆ ಒಂದಿಷ್ಟು ಸುರಿದು, ಕಲಸಿ, ಯಂತ್ರದ ಮೇಲಿಟ್ಟಳು. ನೀರನ್ನು ತೋರಿಸುವ ಜಾಗದಲ್ಲಿ ಗೆರೆ ಧಿಗ್ಗನೆ ಏರಿತು.

"ಒದ್ದೆ ಇದೆ. ವಾಪಸ್ ತಗೊಂಡು ಹೋಗಿ."

ಅವನ ಮುಖ ಸಪ್ಪಗಾಯಿತು. ಅವಳಿಗೆ ಏನೂ ಅನಿಸಲಿಲ್ಲ.

ಆ ವಾರ ಕಣಿವೆಯಿಂದ ಬಂದ ಲಾರಿಗಳೆಲ್ಲ, ಅವನದಿರಲಿ ಬೇರೆಯವರದಿರಲಿ, ಹಾಗೆಯೇ ಹಿಂದಿರುಗಿದವು. ಗೇಟಿನ ಬಳಿ ಲಾರಿ ತೂಗುವ ಮುದುಕ, ಎಲ್ಲರ ಬಾಯಲ್ಲಿ ತೂಕದಣ್ಣ, ಸುದ್ದಿ ತಂದ.

"ಇನ್ನೆರಡು ಲೋಡು ಹಿಂಗೇ ಹೋದ್ರೆ ಗುತ್ತಿಗೆದಾರ ಕಣಿವೆ ಕೆಲಸ ನಿಲ್ಲಿಸ್ಬಿಡ್ತಾನಂತೆ ಕಣಮ್ಮ."

"ನಿಲ್ಲಿಸ್ಲಿ ಬಿಡಣ್ಣ."

ಮರುದಿನ ಕಣಿವೆಯ ಲಾರಿ ಬರಲಿಲ್ಲ. ಹೆಂಗಸೊಬ್ಬಳು ಬಂದಳು. ಕಂಕುಳಲ್ಲಿ ಒಂದು ಚೀಲ, ಕೈಹಿಡಿದು ಒಬ್ಬ ಪುಟ್ಟ ಹುಡುಗಿ. ಹುಡುಗಿಗೆ ಅವನದೇ ಗದ್ದ, ಗದ್ದದ ಮೇಲೆ ಅವನದೇ ಗುಳಿ. ಪರೀಕ್ಷಕಿ ಆ ಗುಳಿಯನ್ನೇ ನೋಡುತ್ತ ಕೂತಳು.

"ಕಣಿವೆ ತೋಟದಲ್ಲಿ ಚೂರು ತುಂಬೋ ಕೆಲಸ ನಂದು," ಎಂದಳು ಹೆಂಗಸು. "ಈ ಚೀಲದ್ದನ್ನ ನನ್ನ ಕಣ್ಣೆದುರಿಗೇ ನೋಡ್ಬಿಡಿ. ನಮ್ಮ ಕಡೆ ಮಳೆ ಬಿದ್ದು ಎಷ್ಟೋ ದಿನ ಆಯ್ತು. ಮರ ಎಲ್ಲಿಂದ ನೆನೀತು?"

"ಯಂತ್ರ ಹೇಳಿದ್ದನ್ನ ನಾನು ಹೇಳ್ತೀನಿ."

"ಯಂತ್ರಕ್ಕೆ ಯಾರೇನು ಕುಡಿಸ್ತಾರೋ, ನನಗೇನು ಗೊತ್ತು?"

ಇವಳಿಗೆ ಎಲ್ಲ ಗೊತ್ತು ಎಂಬುದು ಪರೀಕ್ಷಕಿಗೆ ಆಗ ಅರ್ಥವಾಯಿತು.

"ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿತ್ತು," ಎಂದಳು ಹೆಂಗಸು, ದನಿ ಏರಿಸದೆ. "ಜಗಳಕ್ಕೆ ಬಂದಿಲ್ಲ. ಅಲ್ಲಿ ಕೆಲಸ ಇದ್ರೆ ಅವರೂ ಅಲ್ಲೇ ಇರ್ತಾರೆ. ಇವಳು ಈಗೀಗ ಅವರ ಹತ್ರ ಹೋಗ್ತಾಳೆ. ಮೊದಮೊದಲು ಅವರನ್ನ ಕಂಡ್ರೆ ನನ್ನ ಬೆನ್ನ ಹಿಂದೆ ಅಡಗ್ತಿದ್ಲು. ನಾನು ನಿಮ್ಮದೇನನ್ನೂ ಕಿತ್ಕೊಂಡಿಲ್ಲ."

ಎಂಥ ಮಾತು! ಅದನ್ನೂ ಮಗುವನ್ನು ಮುಂದೆ ನಿಲ್ಲಿಸಿಕೊಂಡು. ಪರೀಕ್ಷಕಿ ಚೀಲ ಬಿಚ್ಚಿ ಬಟ್ಟಲು ತುಂಬಿ, ನೀರು ಸೇರಿಸದೆ ಯಂತ್ರದ ಮೇಲಿಟ್ಟಳು. ಹುಡುಗಿ ಮೇಜಿನ ಅಂಚಿಗೆ ಗದ್ದ ಊರಿ ಪರದೆ ನೋಡುತ್ತಿದ್ದಳು.

"ಇದು ಬೆಟ್ಟಾನಾ?" ಎಂದಳು ಗೆರೆ ತೋರಿಸಿ.

"ಅಲ್ಲ ಪುಟ್ಟಿ. ಮರ. ಚೆನ್ನಾಗಿ ಒಣಗಿರೋ ಮರ." ಪರೀಕ್ಷಕಿ ತಲೆಯೆತ್ತಿದಳು. "ನಾಳೆಯಿಂದ ಲಾರಿ ಕಳಿಸೋಕೆ ಹೇಳಿ. ತಗೋತೀವಿ."

ಇನ್ನು ಅವನು ಬೆಟ್ಟದ ದಾರಿ ಹಿಡಿಯುವುದಿಲ್ಲ. ಅದು ಗೊತ್ತಿದ್ದೇ ಹೇಳಿದಳು. ಹೇಳಿದ ಮೇಲೆ ಎಲ್ಲಾದರೂ ನೋಯುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದಳು. ನೋಯಲಿಲ್ಲ.

ತಾಯಿ ಮಗಳು ಗೇಟು ದಾಟುತ್ತಲೇ ತೂಕದಣ್ಣ ಕಿಟಕಿಗೆ ಮುಖವಿಟ್ಟ. "ಆ ಮಗು ಥೇಟ್ ನಮ್ಮ ಡ್ರೈವರ್ ಇದ್ದಂಗಿದೆಯಲ್ಲಮ್ಮ! ಆಕೆ ಅವನಿಗೆ ಏನಾಗ್ಬೇಕು?"

"ಹೆಂಡತಿ," ಎಂದಳು ಪರೀಕ್ಷಕಿ.