ತಂಗಿ ಯಾರ ಕಡೆ?

ಸಾಂಬ್ರಾಣಿಯ ಹೊಗೆ ಎಲ್ಲೇ ಮೂಗಿಗೆ ತಾಕಿದರೂ ಇಂದಿಗೂ ನನಗೆ ಅಪ್ಪನೇ ನೆನಪಾಗುತ್ತಾನೆ.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ತಂಗಿಗೆ ಮೂರು ತಿಂಗಳು ತುಂಬುತ್ತಿದ್ದಂತೆಯೇ ಅಮ್ಮನನ್ನು ಕಚೇರಿ ಹಿಂದಕ್ಕೆ ಕರೆಸಿಕೊಂಡಿತ್ತು, ಅದು ಅನ್ಯಾಯ. ಬಿನ್ನಿಪೇಟೆಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಮಗುವಿಗೆ ಎಣ್ಣೆ ಹಚ್ಚಿ, ನೀರೆರೆದು, ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದ ಅಪ್ಪನನ್ನು ವಠಾರ ಹಾಸ್ಯ ಮಾಡುತ್ತಿತ್ತು, ಅದೂ ಅನ್ಯಾಯವೇ.

"ಹೀಗೇ ಆದ್ರೆ ಮಗು ತಾಯೀನ ಮರ್ತ್ಬಿಡತ್ತೆ, ನೋಡ್ತಿರಿ," ಎಂದು ಪಕ್ಕದ ಮನೆಯ ಪದ್ದಮ್ಮನವರು ಹೇಳುತ್ತಲೇ ಇದ್ದರು. ಅಮ್ಮ ನಗುತ್ತಿದ್ದಳು. ಆದರೆ ಆ ಮಾತು ಅವಳೊಳಗೆ ಮುಳ್ಳಿನಂತೆ ಉಳಿದಿತ್ತು.

ಒಂದು ಶನಿವಾರ ಅಮ್ಮ ಅರ್ಧ ದಿನದ ಕೆಲಸ ಮುಗಿಸಿ ಬಂದಾಗ, ಪದ್ದಮ್ಮನವರು ಅಂಬೆಗಾಲಿಡುತ್ತಿದ್ದ ತಂಗಿಯನ್ನು ಅಂಗಳದ ನಡುವೆ ಕೂರಿಸಿದರು. ಒಂದು ತುದಿಗೆ ಅಪ್ಪ, ಇನ್ನೊಂದು ತುದಿಗೆ ಅಮ್ಮ. "ಕರೀರಿ ಇಬ್ರೂ. ಯಾರ ಹತ್ರ ಹೋಗತ್ತೋ ನೋಡೇಬಿಡೋಣ."

ಅಮ್ಮ ಚಪ್ಪಲಿಯನ್ನೂ ಬಿಡದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದಳು. ತಂಗಿ ನೇರ ಅವಳ ಬಳಿಗೆ ಹೋಗಿ, ಸೆರಗನ್ನು ಬಾಯಿಗಿಟ್ಟುಕೊಂಡು ಕೇಕೆ ಹಾಕಿದಳು. ಅಷ್ಟಕ್ಕೇ ನಿಲ್ಲದೆ ಹಿಂದಿರುಗಿ ಬಂದು ಅಪ್ಪನ ಮೊಣಕಾಲು ಮುಟ್ಟಿದಳು. ಮತ್ತೆ ಅಮ್ಮನ ಕಡೆ ಹೊರಟಳು.

"ಎರಡೂ ಕಡೆ ವೋಟು ಹಾಕ್ತಾಳಲ್ರೀ ಇವ್ಳು!" ಎಂದು ಅಪ್ಪ ನಕ್ಕ.

ಅರ್ಧ ದಾರಿಯಲ್ಲಿ ಏನನ್ನಿಸಿತೋ, ತಂಗಿ ತಿರುಗಿ ಪದ್ದಮ್ಮನವರ ಮಡಿಲನ್ನೇ ಹತ್ತಿದಳು.

"ಅಯ್ಯೋ ಕಳ್ಳಿ, ನಾನೆಲ್ಲಿ ಕರ್ದೆ ನಿನ್ನ?" ಎನ್ನುತ್ತಲೇ ಅವರು ಆ ಪುಟ್ಟ ತಲೆಯನ್ನು ಮೂಸಿ, ಗಳಿಗೆ ಹೊತ್ತು ಕಣ್ಣು ಮುಚ್ಚಿದರು.

ಸೋಮವಾರ ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದವರು ಅವರೇ. "ಮಗು ಕೊಡಿ ಇಲ್ಲಿ," ಎಂದರು ಅಪ್ಪನಿಗೆ. "ನೀವು ಸ್ವಲ್ಪ ಮಲ್ಕೊಳ್ಳಿ."