ಗಾಜಿನ ಬಾಗಿಲಿಗೆ ಮುದ್ದೆ ಕೋಲು

ಹಿತ್ತಿಲು ಗುಡಿಸುತ್ತಿದ್ದ ಹೇಮಶ್ರೀಯ ಪೊರಕೆಗೆ ಇನ್ನೊಂದು ಗಾಜಿನ ಚೂರು ಸಿಕ್ಕಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಗೇಟು ಕಿರುಗುಟ್ಟಿತು. ಪೊರಕೆ ಬಿಸಾಡಿ, ಏಳು ವರ್ಷದ ಮಗಳು ಬಿಂದುವನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡಳು.

“ನಾನಕ್ಕ, ಕಾಳಪ್ಪ. ಬಾಗಿಲು ರಿಪೇರಿ ಅಂತ ಫೋನ್ ಮಾಡಿದ್ರಲ್ಲ?”

ಅವಳಿಗೆ ಉಸಿರು ಬಂತು. ಮುಂಬಾಗಿಲಿಗೆ ನಿನ್ನೆಯೇ ಹೊಸ ಬೀಗ ಹಾಕಿಸಿದ್ದಳು. ಉಳಿದದ್ದು ಹಿತ್ತಿಲಿಗೆ ತೆರೆಯುವ ಈ ಗಾಜಿನ ಜಾರುಬಾಗಿಲು.

ತಿಕ್ಕಿದರೂ ಹೋಗದ ರಕ್ತದ ಹೆಜ್ಜೆಗಳನ್ನು ಕಾಳಪ್ಪ ನೋಡಿದ. ಅವಳ ಕತ್ತಿನ ಮೇಲೆ ಕಪ್ಪಾಗಿದ್ದ ಬೆರಳ ಗುರುತನ್ನೂ ನೋಡಿದ.

“ಕಳ್ಳ ಬರಿಗಾಲಲ್ಲಿ ಬಂದಿದ್ನಾ?”

“ಚಪ್ಪಲಿ ಹೊಸ್ತಿಲಾಚೆ ಬಿಟ್ಟಿದ್ದ.”

“ಕೊಲ್ಲೋಕ್ ಬಂದೋನು ಚಪ್ಪಲಿ ಬಿಟ್ಟು ಬಂದ್ನಾ? ಭಾರೀ ಮಡಿವಂತ ಬಿಡಿ!” ಅವನು ನಕ್ಕ. “ಪೊಲೀಸ್ನೋರು ಬಂದಿದ್ರಾ?”

“ಬಂದಿದ್ರು. ಮುಖ ನೋಡ್ಲಿಲ್ಲ ಅಂದೆ.”

ಬಿಂದು ತಲೆಯೆತ್ತಿ ಅಮ್ಮನನ್ನೇ ನೋಡಿದಳು.

ಮೊನ್ನೆ ಬೆಳಿಗ್ಗೆ ರಾಗಿ ಮುದ್ದೆ ತಿರುವುತ್ತಿದ್ದಾಗ ಗಾಜು ಸಿಡಿದಿತ್ತು. ಕಲ್ಲು ಹಿಡಿದ ಕೈ ಒಳಗೆ ತೂರಿ ಚಿಲಕ ತೆಗೆದಿತ್ತು. ಗಾಜು ತುಳಿದುಕೊಂಡೇ ಬಂದವನು ಅವಳ ಕತ್ತು ಹಿಸುಕಿ, ತಲೆಯನ್ನು ಗೋಡೆಗೆ ಬಡಿದ. ಮತ್ತೆ ಬಡಿದ. ಕಣ್ಣು ಕತ್ತಲಿಡುವಾಗ ಮೂಲೆಯಲ್ಲಿ ಮುದುಡಿ ಕೂತಿದ್ದ ಬಿಂದು ಕಂಡಳು. ಕೈಯಲ್ಲಿದ್ದ ಮುದ್ದೆ ಕೋಲನ್ನು ಹೇಮಶ್ರೀ ಅವನ ಹಣೆಗೆ ಬೀಸಿದಳು. ತೆಂಗಿನಕಾಯಿ ಒಡೆದಂಥ ಸದ್ದು. ಮುಖದ ತುಂಬ ರಕ್ತ ಸುರಿಸಿಕೊಂಡು ಅವನು ಕಾಂಪೌಂಡು ಹಾರಿದ.

ಅವತ್ತಿನಿಂದ ಬಿಂದು ತುಟಿ ಬಿಚ್ಚಿರಲಿಲ್ಲ.

ಕಾಳಪ್ಪ ದಪ್ಪ ಗಾಜು ಕೂರಿಸಿದ. ಬಾಗಿಲನ್ನು ಹೊರಗಿನಿಂದ ಎತ್ತಿ ಕಳಚದಂತೆ ಮೇಲೆ ಸ್ಕ್ರೂ ಬಿಗಿದ. “ಕೆಳಗೆ ಟ್ರ್ಯಾಕಿಗೆ ಒಂದು ಕೋಲು ಅಡ್ಡ ಇಟ್ಬಿಡಿ ಅಕ್ಕ. ಚಿಲಕ ಮುರಿದ್ರೂ ಬಾಗಿಲು ಜಾರಲ್ಲ.”

ಅವಳು ಅಡುಗೆಮನೆಯಿಂದ ಮುದ್ದೆ ಕೋಲು ತಂದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಬೇಗ ಮುಗಿಸಪ್ಪ. ಮನೆಯವ್ರು ಸಂಜೆ ಬರ್ತೀನಿ ಅಂದಿದಾರೆ.”

“ಮುಗೀತಕ್ಕ. ಬಂದು ಒಂದ್ಸಲ ಎಳೆದು ನೋಡ್ಲಿ. ಇಷ್ಟು ಗಟ್ಟಿ ಬಾಗಿಲು ಚಾಮರಾಜಪೇಟೆಲೇ ಇಲ್ಲ ಅಂತ ಅವ್ರಿಗೇ ಗೊತ್ತಾಗುತ್ತೆ.”

“ಗೊತ್ತಾಗ್ಲಿ,” ಎಂದಳು ಹೇಮಶ್ರೀ.

ಅವನು ಹೋದ ಮೇಲೆ ಮಗಳ ಕೆದರಿದ ಕೂದಲು ನೇವರಿಸಿ, “ಬಾ ಪುಟ್ಟಿ, ಊಟ ಮಾಡು,” ಎಂದಳು. ಬಿಂದು ಬರಲಿಲ್ಲ. ಹಿತ್ತಿಲಿಗಿಳಿದು, ಒಗೆಯುವ ಕಲ್ಲಿನ ಹಿಂದೆ ಅಮ್ಮ ಬಚ್ಚಿಟ್ಟಿದ್ದ ಆ ಚಪ್ಪಲಿ ಜೋಡಿಯನ್ನು ಎತ್ತಿಕೊಂಡು ಹೊಸ್ತಿಲ ಬಳಿ ನಿಂತಳು.

“ಅಮ್ಮಾ, ಅಪ್ಪನ ಚಪ್ಪಲಿ ಒಳಗಿಡ್ಲಾ, ಹೊರಗೇ ಇರ್ಲಾ?”