ಅಟ್ಟದ ಕಾಯಿ

ಹೆಣ್ಣು ನೋಡಲು ಬಂದ ಪಂಚಾಕ್ಷರಿ ಕೊಳೆತ ಕೊಬ್ಬರಿಯನ್ನು ಬಾಯಿಗೆ ಹಾಕಿಕೊಂಡು ನಕ್ಕಾಗ ಶಾಂತಕುಮಾರಿ ಹಿಂದೆ ಸರಿದು ಕೂತಳು.

ತಿಪಟೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಅವನು ಆಗಷ್ಟೇ ಅವಳಿಗೆ ಮೂರು ಇಂಗ್ಲಿಷ್ ಪದಗಳ ವ್ಯತ್ಯಾಸದ ಪಾಠ ಹೇಳಿ ಮುಗಿಸಿದ್ದ. "ಬರೀ ಮನಸ್ಸು ಒಪ್ಪಿದ್ರೆ ಶ್ಯೂರ್. ಸಾಕ್ಷಿ ಇದ್ರೆ ಸರ್ಟನ್. ನನ್ನ ಮೇಲೆ ನನಗೇ ಇರೋ ನಂಬಿಕೆ ಕಾನ್ಫಿಡೆನ್ಸ್." ಆ ಹುರುಪಿನಲ್ಲೇ, ವರ್ಷವಿಡೀ ಅಟ್ಟದ ಮೇಲೆ ಒಣಗಿಸಿ ನಡುಮನೆಗೆ ಇಳಿಸಿಟ್ಟಿದ್ದ ಕಾಯೊಂದನ್ನು ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದ. ಒಣಗಿದ್ದರೆ ಒಳಗೆ ಕೊಬ್ಬರಿ ಗಡಗಡ ಎನ್ನಬೇಕಿತ್ತು; ನೀರು ಕುಲುಕಿದ್ದು ಮನೆಮಂದಿಗೆಲ್ಲ ಕೇಳಿಸಿತು. "ಬುಡಿ ಸ್ವಾಮಿ, ಅದು ಕೆಟ್ಟೈತೆ," ಎಂದ ಅವಳ ಅಪ್ಪ ಕಾಡಸಿದ್ದಪ್ಪ. "ಒಳ್ಳೇ ಉಂಡೆ ಕೊಬ್ಬರಿ. ಐ ಆಮ್ ಕಾನ್ಫಿಡೆಂಟ್," ಎಂದು ಇವನು ಒಡೆದೇಬಿಟ್ಟ. ಹಳದಿ ಲೋಳೆ ಚಾಪೆಯ ಮೇಲೆ ಸುರಿದು ನಡುಮನೆಯೆಲ್ಲ ಗಬ್ಬೆದ್ದಿತು.

ಸೋತೆನೆಂದು ಒಪ್ಪಲಾರದೆ ಅದನ್ನೇ ಜಗಿದು ನುಂಗಿದವನು, ಲೋಳೆ ಅಂಟಿದ ಬೆರಳಲ್ಲೇ ಇನ್ನೊಂದು ಚೂರನ್ನು ಅವಳ ಬಾಯಿಯ ಹತ್ತಿರ ಹಿಡಿದ. "ಚೆನ್ನಾಗೇ ಇದೆ. ತಗೋ, ತಿನ್ನು. ಚೆನ್ನಾಗಿದೆ ಅನ್ನು."

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ನಿಂತಳು. "ಈ ಸಂಬಂಧ ಬ್ಯಾಡ ಕಣಪ್ಪ."

"ದುಡುಕಬ್ಯಾಡ ಕಣವ್ವ," ಎಂದ ಕಾಡಸಿದ್ದಪ್ಪ, ಆಗಷ್ಟೇ ಕಿವಿಗೆ ಬಿದ್ದಿದ್ದ ಮಾತನ್ನೇ ಹಿಡಿದು. "ಶ್ಯೂರಾ?"

"ಸರ್ಟನ್ ಕಣಪ್ಪ. ನಾರ್ತಾ ಐತಲ್ಲ."